ವಿಶೇಷ ಅಗತ್ಯದ ಮಗುವೂ ಪ್ರವಾಸಕ್ಕೆ ಬರಲಿ

ರಜೆ ಬಂತೆಂದರೆ ನಮ್ಮ ಧರ್ಮಕೇಂದ್ರಗಳಿಂದ ಮೈಸೂರಿನ ಕಡೆಗೆ ಬಸ್ಸುಗಳು ಹೊರಡುತ್ತವೆ. ಆಟಿಸಂ ಅಥವಾ ಬುದ್ಧಿಮಾಂದ್ಯತೆ ಇರುವ ಮಕ್ಕಳು ಮಾತ್ರ ಅವುಗಳಲ್ಲಿ ಕಾಣುವುದು ಅಪರೂಪ. "ಫಾದರ್, ಇವನು ಕಿರುಚಿದರೆ ಉಳಿದವರಿಗೆ ತೊಂದರೆ" ಎಂದು ತಾಯಂದಿರು ಹೇಳುವುದನ್ನು ಕೇಳಿ ನಾವೂ ಸುಮ್ಮನಾಗಿದ್ದೇವೆ.

ಶ್ರೀರಂಗಪಟ್ಟಣದ ಬಳಿಯ ಬೃಂದಾವನವನ್ನೇ ನೋಡೋಣ. ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಳಗಿನ ಈ ಉದ್ಯಾನ ಹಂತಹಂತವಾಗಿ ಇಳಿಯುತ್ತದೆ. ಸಂಗೀತ ಕಾರಂಜಿ ಇರುವುದು ನೀರಿನ ಆಚೆ ಬದಿ. ಗಾಲಿಕುರ್ಚಿ ಇದ್ದರೆ ಬೆಳಕಿರುವಾಗಲೇ ತಲುಪಿ, ಮೆಟ್ಟಿಲಿಲ್ಲದ ದಾರಿಯನ್ನು ಬಾಗಿಲಲ್ಲೇ ಕೇಳಿಕೊಳ್ಳಬೇಕು. ಕಾರಂಜಿಯ ಬಳಿ ಕತ್ತಲೆ, ಬಣ್ಣದ ಬೆಳಕು, ಧ್ವನಿವರ್ಧಕ, ನೂಕುನುಗ್ಗಲು ಎಲ್ಲವೂ ಒಟ್ಟಿಗೇ ಎರಗುತ್ತವೆ. ಆಟಿಸಂ ಇರುವ ಮಗು ಆಗ ಕಿವಿ ಮುಚ್ಚಿ ಕಿರುಚಿದರೆ ಅದು ಹಟವಲ್ಲ, ತಡೆಯಲಾರದ ಸಂಕಟ. ಹಿಂದಿನ ಅಂಚಿನಲ್ಲಿ ನಿಂತು, ಪ್ರದರ್ಶನ ಮುಗಿಯುವ ಮುನ್ನವೇ ಹೊರಡುವುದು ಲೇಸು. ಅಪಸ್ಮಾರವಿದ್ದರೆ ಮಿನುಗುವ ಬೆಳಕಿನ ವಿಷಯವನ್ನು ಮೊದಲೇ ವೈದ್ಯರಲ್ಲಿ ವಿಚಾರಿಸಬೇಕು.

ನಮ್ಮನ್ನು ಕೇಳಿದರೆ, ಇಂಥ ಮಕ್ಕಳಿಗೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟೇ ಮೇಲು. ಬೆಳಿಗ್ಗೆ ಹುಟ್ಟು ಹಾಕುವ ದೋಣಿ, ಸದ್ದು ಕಡಿಮೆ. ಆದರೆ ಹೊಳೆಯಲ್ಲಿ ಮೊಸಳೆಗಳಿವೆ. ನೀರಿಗೆ ಕೈ ಹಾಕುವ ಮಗುವಿನ ಎರಡೂ ಬದಿ ದೊಡ್ಡವರು ಕೂರಬೇಕು. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲುತ್ತದೆ, ವಿಚಾರಿಸಿ ಹೊರಡಿ.

ವಿನೋದದಲ್ಲಿ ಸಮಾನ ಪಾಲು ಅಂಗವಿಕಲರ ಹಕ್ಕೆಂದು 2016ರ ಕಾಯ್ದೆಯೇ ಹೇಳುತ್ತದೆ. ಪ್ರವಾಸ ಏರ್ಪಡಿಸುವವರು ಈ ಕುಟುಂಬಕ್ಕೆ ಬಸ್ಸಿನ ಮುಂದಿನ ಆಸನ ಕೊಡಲಿ, ಜೊತೆಗೆ ಒಬ್ಬ ಯುವಕನನ್ನೋ ಯುವತಿಯನ್ನೋ ನೇಮಿಸಲಿ. ಮಗುವಿನ ಜೇಬಿನಲ್ಲಿ ಹೆತ್ತವರ ಮೊಬೈಲ್ ಸಂಖ್ಯೆಯ ಚೀಟಿ ಇರಲಿ.