ಮಾತ್ರೆಗಳ ವಿಘಟಕಗಳು

ಔಷಧದ ಮಾತ್ರೆಯು ನೀರು ಅಥವಾ ಜಠರರಸದ ಸಂಪರ್ಕಕ್ಕೆ ಬಂದಾಗ ಒಡೆದು ಸಣ್ಣ ಕಣಗಳಾಗುವಂತೆ ಮಾಡಲು ಅದರಲ್ಲಿ ಸೇರಿಸುವ ಪೂರಕ ಪದಾರ್ಥಗಳನ್ನು ವಿಘಟಕಗಳು ಎನ್ನುತ್ತಾರೆ. ಔಷಧ ತಯಾರಿಕೆಯಲ್ಲಿ ಇವು ಡಿಸ್‌ಇಂಟಿಗ್ರೆಂಟ್‌ಗಳೆಂದು ಪರಿಚಿತ. ಇವಕ್ಕೆ ಸ್ವತಃ ರೋಗವನ್ನು ಗುಣಪಡಿಸುವ ಗುಣವಿಲ್ಲ. ಆದರೆ ಮಾತ್ರೆಯು ಸಕಾಲದಲ್ಲಿ ಒಡೆಯದಿದ್ದರೆ ಔಷಧವು ರಕ್ತವನ್ನು ಸೇರುವುದು ತಡವಾಗುತ್ತದೆ ಅಥವಾ ಅದರ ಒಂದು ಭಾಗ ವ್ಯರ್ಥವಾಗುತ್ತದೆ. ಪಿಷ್ಟವು ಅತ್ಯಂತ ಹಳೆಯ ಹಾಗೂ ಇಂದಿಗೂ ಬಳಕೆಯಲ್ಲಿರುವ ವಿಘಟಕವಾಗಿದೆ.

ಅಗತ್ಯ

ಪುಡಿಯನ್ನು ಯಂತ್ರದಲ್ಲಿ ಒತ್ತಿ ಮಾತ್ರೆಗಳನ್ನು ತಯಾರಿಸಲಾಗುತ್ತದೆ. ಪ್ಯಾಕಿಂಗ್ ಮತ್ತು ಸಾಗಣೆಯಲ್ಲಿ ಪುಡಿಯಾಗದಷ್ಟು ಅವು ಗಟ್ಟಿಯಾಗಿರಬೇಕು. ಹೊಟ್ಟೆಯನ್ನು ಸೇರಿದ ಕೆಲವೇ ನಿಮಿಷಗಳಲ್ಲಿ ಒಡೆಯಲೂ ಬೇಕು. ಮೊದಲನೆಯ ಗುಣವನ್ನು ಬಂಧಕಗಳೂ ಒತ್ತಡವೂ ನೀಡಿದರೆ, ಎರಡನೆಯದನ್ನು ವಿಘಟಕಗಳು ನೀಡುತ್ತವೆ.

ಒಡೆಯುವುದರಿಂದ ದ್ರವಕ್ಕೆ ತಗಲುವ ಮೇಲ್ಮೈ ಹೆಚ್ಚುತ್ತದೆ. ಉದಾಹರಣೆಗೆ, 1 ಸೆಂ.ಮೀ. ಬದಿಯ ಘನದ ಮೇಲ್ಮೈ 6 ಚದರ ಸೆಂ.ಮೀ. ಅದನ್ನು 1 ಮಿ.ಮೀ. ಬದಿಯ 1000 ಘನಗಳಾಗಿ ವಿಭಜಿಸಿದರೆ ಒಟ್ಟು ಮೇಲ್ಮೈ 60 ಚದರ ಸೆಂ.ಮೀ. ಆಗುತ್ತದೆ. ಆದರೆ ಒಡೆಯುವುದು ಮತ್ತು ಕರಗುವುದು ಒಂದೇ ಅಲ್ಲ. ನೀರಿನಲ್ಲಿ ಸುಲಭವಾಗಿ ಕರಗದ ಔಷಧವು ಮಾತ್ರೆ ಒಡೆದ ನಂತರವೂ ನಿಧಾನವಾಗಿಯೇ ಕರಗಬಹುದು.

ಇತಿಹಾಸ

1843ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರಾಕೆಡನ್ ಅವರು ಪುಡಿಯನ್ನು ಒತ್ತಿ ಮಾತ್ರೆ ಮಾಡುವ ಸಾಧನಕ್ಕೆ ಪೇಟೆಂಟ್ ಪಡೆದರು. ಬಹುಕಾಲ ಮೆಕ್ಕೆಜೋಳ ಮತ್ತು ಆಲೂಗಡ್ಡೆಯ ಪಿಷ್ಟಗಳೇ ಮುಖ್ಯ ವಿಘಟಕಗಳಾಗಿದ್ದವು. 20ನೆಯ ಶತಮಾನದ ಉತ್ತರಾರ್ಧದಲ್ಲಿ, ಅಲ್ಪ ಪ್ರಮಾಣದಲ್ಲಿಯೇ ವೇಗವಾಗಿ ಕೆಲಸ ಮಾಡುವ ಸೂಪರ್ ಡಿಸ್‌ಇಂಟಿಗ್ರೆಂಟ್‌ಗಳು ಬಳಕೆಗೆ ಬಂದವು.

ಕಾರ್ಯವಿಧಾನ

ಒಂದೇ ವಿಘಟಕವು ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಕೆಲಸ ಮಾಡಬಹುದು.

• ಉಬ್ಬುವಿಕೆ: ನೀರನ್ನು ಹೀರಿದ ಕಣಗಳು ಹಿಗ್ಗಿ, ಸುತ್ತಲಿನ ರಚನೆಯನ್ನು ಒಳಗಿನಿಂದ ತಳ್ಳುತ್ತವೆ.
• ನೀರಿನ ಸೆಳೆತ: ಸೂಕ್ಷ್ಮ ರಂಧ್ರಗಳ ಮೂಲಕ ನೀರು ಮಾತ್ರೆಯ ಒಳಭಾಗಕ್ಕೆ ಹರಿದು, ಕಣಗಳ ನಡುವಿನ ಬಂಧವನ್ನು ಸಡಿಲಿಸುತ್ತದೆ.
• ಆಕಾರದ ಮರುಗಳಿಕೆ: ಒತ್ತಡದಿಂದ ಚಪ್ಪಟೆಯಾದ ಕಣಗಳು ತೇವ ತಗಲಿದಾಗ ಮೂಲ ಆಕಾರಕ್ಕೆ ಮರಳುತ್ತವೆ.
• ಅನಿಲ ಬಿಡುಗಡೆ: ನೊರೆಯುಕ್ಕುವ ಮಾತ್ರೆಗಳಲ್ಲಿ ಸಿಟ್ರಿಕ್ ಆಮ್ಲ ಮತ್ತು ಸೋಡಿಯಂ ಬೈಕಾರ್ಬನೇಟ್ ನೀರಿನಲ್ಲಿ ವರ್ತಿಸಿ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತವೆ.

ವಿಧಗಳು

• ಪಿಷ್ಟ: ಸಾಮಾನ್ಯವಾಗಿ ಮಾತ್ರೆಯ ತೂಕದ ಶೇ. 5ರಿಂದ 15ರಷ್ಟು ಬೇಕಾಗುತ್ತದೆ.
• ಸೋಡಿಯಂ ಸ್ಟಾರ್ಚ್ ಗ್ಲೈಕೋಲೇಟ್: ಹೆಚ್ಚಾಗಿ ಆಲೂಗಡ್ಡೆ ಪಿಷ್ಟದಿಂದ ಪಡೆಯುವ ಇದು ಬಹಳವಾಗಿ ಉಬ್ಬುತ್ತದೆ. ಬಳಕೆ ಶೇ. 2ರಿಂದ 8.
• ಕ್ರಾಸ್‌ಕಾರ್ಮೆಲೋಸ್ ಸೋಡಿಯಂ: ಸೆಲ್ಯುಲೋಸ್‌ನಿಂದ ತಯಾರಾಗುತ್ತದೆ. ಬಳಕೆ ಶೇ. 0.5ರಿಂದ 5.
• ಕ್ರಾಸ್‌ಪೋವಿಡೋನ್: ಕೃತಕ ಪಾಲಿಮರ್, ಹೆಚ್ಚು ಉಬ್ಬದೆ ನೀರನ್ನು ವೇಗವಾಗಿ ಸೆಳೆಯುತ್ತದೆ. ಬಳಕೆ ಶೇ. 2ರಿಂದ 5.

ವಿಘಟಕದ ಪ್ರಮಾಣ ಹೆಚ್ಚಿದಷ್ಟೂ ಮಾತ್ರೆ ಬೇಗ ಒಡೆಯುತ್ತದೆ ಎನ್ನಲಾಗದು. ಸೋಡಿಯಂ ಸ್ಟಾರ್ಚ್ ಗ್ಲೈಕೋಲೇಟ್ ಅತಿಯಾದರೆ ಅಂಟಿನಂತಹ ಪದರವಾಗಿ ನೀರಿನ ಒಳಹರಿವನ್ನು ತಡೆಯುತ್ತದೆ. ಮೆಗ್ನೀಸಿಯಂ ಸ್ಟಿಯರೇಟ್‌ನಂತಹ ನೀರನ್ನು ವಿಕರ್ಷಿಸುವ ಜಾರಕಗಳು ಅಧಿಕವಾದಾಗಲೂ ಮಾತ್ರೆ ತಡವಾಗಿ ಒಡೆಯುತ್ತದೆ.

ಪರೀಕ್ಷೆ

ಭಾರತದಲ್ಲಿ ಮಾತ್ರೆಗಳ ಗುಣಮಟ್ಟವನ್ನು 1955ರಲ್ಲಿ ಮೊದಲ ಬಾರಿಗೆ ಪ್ರಕಟವಾದ ಇಂಡಿಯನ್ ಫಾರ್ಮಾಕೋಪಿಯಾ ನಿರ್ಧರಿಸುತ್ತದೆ. ವಿಘಟನೆಯ ಪರೀಕ್ಷೆಯಲ್ಲಿ, ತಳದಲ್ಲಿ ಜಾಲರಿಯಿರುವ 6 ಗಾಜಿನ ಕೊಳವೆಗಳಲ್ಲಿ ಒಂದೊಂದು ಮಾತ್ರೆಯನ್ನಿಟ್ಟು, ಸುಮಾರು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ದ್ರವದಲ್ಲಿ ನಿಮಿಷಕ್ಕೆ ಸುಮಾರು 30 ಬಾರಿ ಮೇಲೆ ಕೆಳಗೆ ಚಲಿಸಲಾಗುತ್ತದೆ. ಲೇಪನವಿಲ್ಲದ ಸಾಮಾನ್ಯ ಮಾತ್ರೆಗಳು 15 ನಿಮಿಷಗಳಲ್ಲಿ ಒಡೆಯಬೇಕು. ನೀರಿನಲ್ಲಿ ಕದಡಿ ಕುಡಿಯುವ ಡಿಸ್ಪರ್ಸಿಬಲ್ ಮಾತ್ರೆಗಳಿಗೆ 3 ನಿಮಿಷಗಳ ಮಿತಿಯಿದೆ. ಒಂದೆರಡು ಮಾತ್ರೆಗಳು ಒಡೆಯದಿದ್ದರೆ ಇನ್ನೂ 12 ಮಾತ್ರೆಗಳನ್ನು ಪರೀಕ್ಷಿಸಿ, ಒಟ್ಟು 18ರಲ್ಲಿ ಕನಿಷ್ಠ 16 ಒಡೆದಿರಬೇಕೆಂದು ನೋಡಲಾಗುತ್ತದೆ.

ತುಮಕೂರಿನ ಶ್ರೀ ಸಿದ್ದಗಂಗಾ ಫಾರ್ಮಸಿ ಕಾಲೇಜು ಸೇರಿದಂತೆ ರಾಜ್ಯದ ಫಾರ್ಮಸಿ ಕಾಲೇಜುಗಳಲ್ಲಿ ಬಿ.ಫಾರ್ಮ್ ಪದವಿಯ ವಿದ್ಯಾರ್ಥಿಗಳಿಗೆ ಮಾತ್ರೆಗಳ ತಯಾರಿಕೆ ಮತ್ತು ಪರೀಕ್ಷೆ ಪಠ್ಯಕ್ರಮದ ಭಾಗವಾಗಿದೆ.

ತುಮಕೂರು ಪ್ರದೇಶದ ಸಸ್ಯಮೂಲಗಳು

ಸಸ್ಯಜನ್ಯ ವಿಘಟಕಗಳ ಸಂಶೋಧನೆಯಲ್ಲಿ ಕಂಡುಬರುವ ಹಲವು ಪದಾರ್ಥಗಳು ತುಮಕೂರು ಜಿಲ್ಲೆಗೆ ಪರಿಚಿತವಾದವು. ಗುಬ್ಬಿ ತಾಲ್ಲೂಕಿನ ಚೇಳೂರು ಭಾಗವು ಹಲಸಿಗೆ ಹೆಸರಾಗಿದೆ. ಕೆಂಪು ತೊಳೆಯ ‘ಸಿದ್ದು’ ತಳಿ ಇಲ್ಲಿಯದೇ. ತೊಳೆ ತಿಂದ ಮೇಲೆ ಉಳಿಯುವ ಹಲಸಿನ ಬೀಜದಲ್ಲಿ ಪಿಷ್ಟ ಹೇರಳವಾಗಿದ್ದು, ಅದನ್ನು ವಿಘಟಕವಾಗಿ ಬಳಸುವ ಪ್ರಯೋಗಗಳು ನಡೆದಿವೆ. ಕುಣಿಗಲ್ ಕೆರೆಯ ಅಚ್ಚುಕಟ್ಟಿನಲ್ಲಿ ಬೆಳೆಯುವ ಭತ್ತವನ್ನು ನೆನೆದರೆ, ಅಕ್ಕಿಯ ಪಿಷ್ಟವೂ ಔಷಧ ತಯಾರಿಕೆಯಲ್ಲಿ ಮಾನ್ಯವಾದುದೇ. ಹುಣಸೆ ಬೀಜದ ಗೋಂದು ಮಾತ್ರ ಬೇರೆ ಬಗೆಯದು. ಅದು ನೀರಿನಲ್ಲಿ ಲೋಳೆಯಾಗುವುದರಿಂದ ಹೆಚ್ಚಾಗಿ ಬಂಧಕವಾಗಿ ಅಥವಾ ಔಷಧವನ್ನು ನಿಧಾನವಾಗಿ ಬಿಡುಗಡೆ ಮಾಡಲು ಅಧ್ಯಯನಗೊಂಡಿದೆ.

ಮನೆಯಲ್ಲಿ ತೆಗೆದ ಹಿಟ್ಟನ್ನು ನೇರವಾಗಿ ಔಷಧಕ್ಕೆ ಬಳಸಲಾಗದು. ತೇವಾಂಶ, ಶುದ್ಧತೆ ಮತ್ತು ಸೂಕ್ಷ್ಮಜೀವಿಗಳ ಮಿತಿಗೆ ಒಳಪಟ್ಟ ಪಿಷ್ಟವಷ್ಟೇ ಔಷಧ ದರ್ಜೆಯದಾಗುತ್ತದೆ.

ಸಾರ್ವಜನಿಕ ಆರೋಗ್ಯದಲ್ಲಿ ಮಹತ್ವ

ಮಾತ್ರೆ ನುಂಗಲಾರದ ಮಕ್ಕಳಿಗೆ ವಿಘಟಕಗಳ ಪ್ರಯೋಜನ ಹೆಚ್ಚು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಮಕ್ಕಳ ಅತಿಸಾರಕ್ಕೆ ಓಆರ್‌ಎಸ್ ಜೊತೆಗೆ ಸತುವನ್ನೂ ನೀಡಲು ಶಿಫಾರಸು ಮಾಡಿದವು. ಭಾರತದಲ್ಲಿ ಆಶಾ ಕಾರ್ಯಕರ್ತೆಯರ ಮೂಲಕವೂ ದೊರೆಯುವ ಸತುವಿನ ಮಾತ್ರೆಯು ಒಂದು ಚಮಚ ಶುದ್ಧ ನೀರಿನಲ್ಲಿ ಅಥವಾ ತಾಯಿಯ ಎದೆಹಾಲಿನಲ್ಲಿ ಕದಡುತ್ತದೆ. ಇದರಿಂದ ಬಾಟಲಿಯ ಸಿರಪ್ ಸಾಗಿಸದೆಯೇ ಹಳ್ಳಿಗಳಲ್ಲಿ ನಿಖರ ಪ್ರಮಾಣವನ್ನು ಕೊಡಲು ಸಾಧ್ಯವಾಗುತ್ತದೆ.

ಬಳಕೆಯಲ್ಲಿ ಎಚ್ಚರ

ತೇವಾಂಶ ತಗಲಿದರೆ ವಿಘಟಕಗಳು ಮೊದಲೇ ನೀರನ್ನು ಹೀರಿ ಮಾತ್ರೆ ಮೆತ್ತಗಾಗಬಹುದು ಅಥವಾ ಬಿರುಕುಬಿಡಬಹುದು. ಆದ್ದರಿಂದ ಮಾತ್ರೆಗಳನ್ನು ಸೇವಿಸುವವರೆಗೂ ಪಟ್ಟಿಯಲ್ಲಿಯೇ ಇಡಬೇಕು. ಎಲ್ಲ ಮಾತ್ರೆಗಳೂ ಬೇಗ ಒಡೆಯಬೇಕೆಂದಿಲ್ಲ. ಕರುಳಿನಲ್ಲಿ ಕರಗುವ ಲೇಪನವುಳ್ಳ ಮಾತ್ರೆಗಳು ಆಮ್ಲದಲ್ಲಿ 2 ಗಂಟೆ ಒಡೆಯದೆ ಉಳಿಯಬೇಕೆಂಬ ನಿಯಮವಿದೆ. ಇಂತಹವನ್ನು ಮತ್ತು ದೀರ್ಘಕಾಲ ಔಷಧ ಬಿಡುಗಡೆ ಮಾಡುವ ಮಾತ್ರೆಗಳನ್ನು ವೈದ್ಯರು ಅಥವಾ ಫಾರ್ಮಸಿಸ್ಟರನ್ನು ಕೇಳದೆ ಪುಡಿ ಮಾಡಬಾರದು. ದೀರ್ಘಕಾಲಿಕ ಮಾತ್ರೆಯನ್ನು ಪುಡಿ ಮಾಡಿದರೆ ದಿನವಿಡೀ ಬಿಡುಗಡೆಯಾಗಬೇಕಾದ ಔಷಧವು ಒಮ್ಮೆಲೇ ದೇಹವನ್ನು ಸೇರಿ ಅಪಾಯ ಉಂಟಾಗಬಹುದು.