ಬೆನ್ನುಹುರಿಯಲ್ಲಿ ನಿಂತ ರಕ್ತ

ಬೆನ್ನುಹುರಿಯನ್ನು ಸುತ್ತುವರಿದ ಗಟ್ಟಿ ಹೊರಪೊರೆಗೆ ಡ್ಯೂರಾ ಎಂದು ಹೆಸರು. ನರದ ಬೇರು ಈ ಪೊರೆಯನ್ನು ದಾಟುವಲ್ಲಿ ಸಣ್ಣ ಅಪಧಮನಿಯೊಂದು ಲೋಮನಾಳಗಳನ್ನು ಬಿಟ್ಟು ನೇರವಾಗಿ ಅಭಿಧಮನಿಗೆ ಕೂಡಿಕೊಂಡರೆ ಅದು ಡ್ಯೂರಲ್ ಫಿಸ್ಟುಲಾ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು 5ರಿಂದ 10 ಮಂದಿಗೆ ಬರುವ ಕಾಯಿಲೆ ಇದು. ಐವತ್ತು ದಾಟಿದ ಗಂಡಸರಲ್ಲೇ ಹೆಚ್ಚು.

ಹಾನಿಯಾಗುವ ಬಗೆ ಹಾವೇರಿ ಜಿಲ್ಲೆಯ ದುಂಡಸಿ ಸೀಮೆಯ ರೈತರಿಗೆ ಬೇಗ ತಿಳಿಯುತ್ತದೆ. ಕೆರೆಯ ನೀರನ್ನು ಬಸಿಗಾಲುವೆಗೇ ನುಗ್ಗಿಸಿದರೆ ಹೊಲದ ನೀರು ಹೊರಹೋಗಲು ದಾರಿಯಿಲ್ಲದೆ ನಿಲ್ಲುತ್ತದೆ, ಬೇರು ಕೊಳೆಯುತ್ತದೆ. ಇಲ್ಲೂ ಅಷ್ಟೆ. ಅಭಿಧಮನಿಯಲ್ಲಿ ಒತ್ತಡ ಏರುತ್ತದೆ, ಹುರಿ ಬಾತುಕೊಳ್ಳುತ್ತದೆ, ನರಕೋಶಗಳಿಗೆ ಆಮ್ಲಜನಕ ಸಾಲದಾಗುತ್ತದೆ. ಕಾಲು ಜೋಮು ಹಿಡಿಯುತ್ತದೆ, ನಡಿಗೆ ತಡವರಿಸುತ್ತದೆ, ಮೂತ್ರ ಕಟ್ಟುತ್ತದೆ. ಇದನ್ನು ಸೊಂಟದ ಸವೆತವೆಂದೋ ಪ್ರಾಸ್ಟೇಟ್ ತೊಂದರೆಯೆಂದೋ ತಿಳಿದು ವರ್ಷಗಟ್ಟಲೆ ಕಳೆಯುವುದುಂಟು. ಈ ಗೊಂದಲದಲ್ಲಿ ಕೊಡುವ ಸ್ಟೀರಾಯ್ಡ್ ಕೆಲವರ ಸ್ಥಿತಿಯನ್ನು ದಿಢೀರನೆ ಕೆಡಿಸುತ್ತದೆ.

ಫ್ರಾನ್ಸಿನ ಫ್ವಾ ಮತ್ತು ಅಲಜುವಾನಿನ್ 1926ರಲ್ಲೇ ಇಂಥ ರೋಗಿಗಳನ್ನು ವರ್ಣಿಸಿದ್ದರು. ಆದರೆ ದೋಷದ ನೆಲೆ ಡ್ಯೂರಾದಲ್ಲಿದೆ ಎಂದು ಕೆಂಡಾಲ್ ಮತ್ತು ಲೋಗ್ ಸ್ಪಷ್ಟಪಡಿಸಿದ್ದು 1977ರಲ್ಲಿ. ಅದಕ್ಕೆ ಮೊದಲು ಶಸ್ತ್ರವೈದ್ಯರು ಹುರಿಯ ಮೇಲೆ ಉಬ್ಬಿದ ಅಭಿಧಮನಿಗಳನ್ನೇ ಉದ್ದಕ್ಕೂ ಬಿಡಿಸಿ ತೆಗೆಯುತ್ತಿದ್ದರು. ಹುರಿಯ ರಕ್ತ ಹೊರಹೋಗಬೇಕಾದದ್ದೇ ಅವುಗಳ ಮೂಲಕ!

ಎಂಆರ್‌ಐ ಚಿತ್ರದಲ್ಲಿ ಬಾತ ಹುರಿ, ಅದರ ಹಿಂದೆ ಹಾವಿನಂತೆ ಸುತ್ತಿದ ಕಪ್ಪು ಗೆರೆಗಳು ಕಾಣುತ್ತವೆ. ದೋಷದ ನಿಖರ ಜಾಗ ತೋರಿಸುವುದು ಆಂಜಿಯೋಗ್ರಾಂ. ಸಾಮಾನ್ಯವಾಗಿ ತೊಡೆಸಂದಿನಿಂದ ಕ್ಯಾಥೆಟರ್ ತೂರಿಸಿ, ಬೆನ್ನಿನ ಒಂದೊಂದೇ ಅಪಧಮನಿಗೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು ಹುಡುಕುವ ತಾಳ್ಮೆಯ ಕೆಲಸ ಅದು.

ಚಿಕಿತ್ಸೆ ಎರಡು ಬಗೆ. ಒಂದರಲ್ಲಿ ಅದೇ ಕ್ಯಾಥೆಟರ್‌ನಿಂದ ಅಂಟು ಬಿಟ್ಟು ಕೂಡುದಾರಿಯನ್ನು ಮುಚ್ಚುತ್ತಾರೆ. ಅಂಟು ಅಭಿಧಮನಿಯ ಆರಂಭದವರೆಗೂ ತಲುಪಬೇಕು. ಇಲ್ಲದಿದ್ದರೆ ದಾರಿ ಮತ್ತೆ ತೆರೆದುಕೊಳ್ಳುತ್ತದೆ. ಫಿಸ್ಟುಲಾಕ್ಕೆ ರಕ್ತ ಒಯ್ಯುವ ಅಪಧಮನಿಯಿಂದಲೇ ಬೆನ್ನುಹುರಿಗೂ ರಕ್ತ ಹೋಗುತ್ತಿದ್ದರೆ ಅಂಟು ಅಪಾಯಕಾರಿ. ಆಗ ಶಸ್ತ್ರಚಿಕಿತ್ಸೆಯೇ ದಾರಿ: ಸೂಕ್ಷ್ಮದರ್ಶಕದಡಿ ಡ್ಯೂರಾ ಬಿಡಿಸಿ, ಕೂಡುದಾರಿಯಿಂದ ಹೊರಡುವ ಆ ಒಂದೇ ಅಭಿಧಮನಿಯನ್ನು ಸುಟ್ಟು ಕತ್ತರಿಸುತ್ತಾರೆ. ಶಸ್ತ್ರಚಿಕಿತ್ಸೆಯಿಂದ ಹೆಚ್ಚುಕಡಿಮೆ ಎಲ್ಲರಲ್ಲೂ ದೋಷ ಶಾಶ್ವತವಾಗಿ ಮುಚ್ಚುತ್ತದೆ.

ಆದರೆ ದೋಷ ಮುಚ್ಚಿದ ಮೇಲೂ ನಡಿಗೆ ಸುಧಾರಿಸಿದಷ್ಟು ಮೂತ್ರದ ಹಿಡಿತ ಸುಧಾರಿಸುವುದಿಲ್ಲ. ಸತ್ತ ನರಕೋಶ ಮರಳಿ ಬಾರದು. ದುಂಡಸಿಯವರು ದೊಡ್ಡ ಕಾಯಿಲೆಗೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೆ, ನರರೋಗಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವುದು ರೂಢಿ. ಕಾಲಿನ ಸೋಲು ಮತ್ತು ಮೂತ್ರದ ತೊಂದರೆ ಒಟ್ಟಿಗೆ ಕಂಡವರು ಆ ಪ್ರಯಾಣವನ್ನು ಮುಂದೂಡಬಾರದು. ಸೊಂಟದ ಜೊತೆ ಎದೆಮಟ್ಟದ ಬೆನ್ನುಹುರಿಯ ಎಂಆರ್‌ಐ ಕೂಡ ಬೇಕೇ ಎಂದು ವೈದ್ಯರನ್ನು ಕೇಳಬೇಕು.