ಚಿಪ್ಪು ಕಂಡರೆ ನೆಂಟರೇ?

ಸುಳ್ಯ, ಕಡಬ, ಪುತ್ತೂರಿನ ಕಡೆ ರಬ್ಬರ್ ತೋಟದಂಚಿನ ಹುತ್ತವೊಂದು ಬೆಳಗಾಗುವಷ್ಟರಲ್ಲಿ ಬುಡದಿಂದ ಬಗೆದುಹೋಗಿದ್ದರೆ ಅದು ಚಿಪ್ಪುಹಂದಿಯ ಕೆಲಸವಿರಬಹುದು. ಗೆದ್ದಲು, ಇರುವೆಗಳೇ ಅದರ ಊಟ. ಟಿವಿಯಲ್ಲಿ ದಕ್ಷಿಣ ಅಮೆರಿಕದ ಆರ್ಮಡಿಲೊ ಕಂಡವರಿಗೆ ಇವೆರಡೂ ದಾಯಾದಿಗಳೆಂದೇ ತೋರುತ್ತದೆ. ಹಿಂದಿನ ಪ್ರಾಣಿವಿಜ್ಞಾನಿಗಳೂ ಎರಡನ್ನೂ ‘ಹಲ್ಲಿಲ್ಲದವು’ ಎಂಬ ಒಂದೇ ಗುಂಪಿಗೆ ಸೇರಿಸಿದ್ದರು. ಆರ್ಮಡಿಲೊಗೆ ಹಲ್ಲಿದೆ ಎನ್ನುವುದು ಬೇರೆ ಮಾತು!

ಡಿಎನ್‌ಎ ಪ್ರಕಾರ ಚಿಪ್ಪುಹಂದಿ ಹಂದಿಯೂ ಅಲ್ಲ, ಆರ್ಮಡಿಲೊ ಬಳಗವೂ ಅಲ್ಲ. ಈಗ ಬದುಕಿರುವ ಪ್ರಾಣಿಗಳಲ್ಲಿ ಬೆಕ್ಕು, ನಾಯಿ, ಕರಡಿಗಳ ಗುಂಪೇ ಅದಕ್ಕೆ ಹತ್ತಿರ. ಆರ್ಮಡಿಲೊ ಬಳಗವಲ್ಲ ಎಂಬುದು ಚಿಪ್ಪನ್ನು ನೋಡಿದರೂ ಗೊತ್ತಾಗುತ್ತದೆ. ಮಂಗಳೂರು ಹೆಂಚಿನಂತೆ ಒಂದರ ಮೇಲೊಂದು ಕೂತ ಆ ಚಿಪ್ಪುಗಳು ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನಿಂದಲೇ ಆದವು, ಒಳಗೆ ಮೂಳೆಯಿಲ್ಲ. ಆರ್ಮಡಿಲೊದ ಕವಚವಾದರೋ ಚರ್ಮದೊಳಗೇ ಬೆಳೆದ ಮೂಳೆಯ ಬಿಲ್ಲೆಗಳು, ಮೇಲೆ ತೆಳುವಾದ ಕೊಂಬಿನ ಪದರ. ನೆಲ ಅಗೆದು ಇರುವೆ ಹುಡುಕುವ, ವೈರಿಯಿಂದ ಮೈ ಕಾಯುವ ಒಂದೇ ಬಗೆಯ ಬದುಕು ಬೇರೆ ಬೇರೆ ಖಂಡಗಳಲ್ಲಿ ಒಂದೇ ಬಗೆಯ ವೇಷ ತೊಡಿಸಿದೆ, ಅಷ್ಟೆ.

ಆರ್ಮಡಿಲೊದ ನಿಜವಾದ ನೆಂಟ ನೋಡಲು ಅದರಂತಿಲ್ಲ. ಅದು ಗ್ಲಿಪ್ಟೊಡಾಂಟ್. ಇವುಗಳಲ್ಲಿ ಕೆಲವು ಒಂದು ಟನ್ನಿಗೂ ಮಿಕ್ಕಿ ತೂಗುತ್ತಿದ್ದವು. ಸಾವಿರಕ್ಕೂ ಹೆಚ್ಚು ಬಿಲ್ಲೆಗಳು ಬೆಸೆದುಕೊಂಡ ಗುಮ್ಮಟದಂಥ ಬೆನ್ನು. ಮಡಚಲು ಪಟ್ಟಿಗಳಿಲ್ಲದ್ದರಿಂದ ಉಂಡೆಯಾಗುವ ಮಾತೇ ಇರಲಿಲ್ಲ. ಸುಮಾರು 10,000 ವರ್ಷಗಳ ಹಿಂದೆ ಅಳಿದುಹೋದವು. ಗ್ಲಿಪ್ಟೊಡಾನ್ ಎಂಬ ಹೆಸರು ಕೊಟ್ಟವರು ಪ್ರಾಣಿವಿಜ್ಞಾನಿ ರಿಚರ್ಡ್ ಓವೆನ್, 1839ರಲ್ಲಿ. ಆದರೆ ಆರ್ಮಡಿಲೊಗಳ ವಂಶವೃಕ್ಷದಲ್ಲಿ ಇವುಗಳ ಕೊಂಬೆ ಎಲ್ಲಿ ಎಂಬ ತಕರಾರು ಬಹುಕಾಲ ನಡೆಯಿತು.

2016ರಲ್ಲಿ ಉತ್ತರ ಸಿಕ್ಕಿತು. ಬಾಲದ ತುದಿಯಲ್ಲಿ ಗದೆಯಿದ್ದ ಡೀಡಿಕ್ಯೂರಸ್ ಎಂಬ ಗ್ಲಿಪ್ಟೊಡಾಂಟ್‌ನ ಸುಮಾರು 12,000 ವರ್ಷ ಹಳೆಯ ಕವಚದ ಚೂರಿನಿಂದ ವಿಜ್ಞಾನಿಗಳು ಡಿಎನ್‌ಎ ತೆಗೆದರು. ಗ್ಲಿಪ್ಟೊಡಾಂಟ್ ಆರ್ಮಡಿಲೊಗಳ ಪಕ್ಕದ ಮನೆಯದ್ದಲ್ಲ, ಅದೇ ಮನೆಯದ್ದು! ಅಂಗೈಯಲ್ಲಿ ಹಿಡಿಸುವ ಗುಲಾಬಿ ಆರ್ಮಡಿಲೊಗೆ, ನಾವು ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವ ಒಂಬತ್ತು ಪಟ್ಟಿಯ ಆರ್ಮಡಿಲೊಗಿಂತ ಈ ದೈತ್ಯವೇ ಹತ್ತಿರ. ಗ್ಲಿಪ್ಟೊಡಾಂಟ್‌ಗಳ ಕೊಂಬೆ ಕವಲೊಡೆದದ್ದು ಸುಮಾರು 3.5 ಕೋಟಿ ವರ್ಷಗಳ ಹಿಂದೆ.

ಕವಚ ಮೂಳೆಯದ್ದಾದ್ದರಿಂದಲೇ ಇಷ್ಟು ಪುರಾವೆ ಉಳಿದದ್ದು. ಕೆರಾಟಿನ್ ಬೇಗ ಕೊಳೆಯುತ್ತದೆ. ಚಿಪ್ಪುಹಂದಿಯ ಪಳೆಯುಳಿಕೆಗಳೂ ಅಪರೂಪ. ಸುಮಾರು 4.7 ಕೋಟಿ ವರ್ಷ ಹಳೆಯ, ಚಿಪ್ಪಿನ ಗುರುತೂ ಉಳಿದಿರುವ ಮಾದರಿ ಸಿಕ್ಕಿರುವುದು ಜರ್ಮನಿಯ ಮೆಸ್ಸೆಲ್ ಗುಂಡಿಯಲ್ಲಿ. ಇಂದು ಇಡೀ ಯುರೋಪಿನಲ್ಲಿ ಕಾಡು ಚಿಪ್ಪುಹಂದಿ ಒಂದೂ ಇಲ್ಲ.